ಕಾರಿನ ಕೀ ಮೊಳೆಯಲ್ಲೇ ಇತ್ತು

ಪರದೇಶಕ್ಕೆ ಹೊರಡುವವರು ಏನೇನು ತಯಾರಿ ಮಾಡಿಕೊಳ್ಳಬೇಕು ಅಂತ ಆಗ ಯಾರಾದರೂ ನನ್ನನ್ನು ಕೇಳಿದ್ದರೆ ಚಟ್ನಿಪುಡಿ, ಉಪ್ಪಿನಕಾಯಿ, ಸ್ವೆಟರು ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ಆದರೆ ನಾವು ಗಂಡಹೆಂಡತಿ ಜಗಳವಾಡಿದ್ದು ಇದಾವುದಕ್ಕೂ ಅಲ್ಲ ನೋಡಿ. ಅಲ್ಲಿ ಇಳಿದ ಮೇಲೆ ಓಡಾಡುವುದು ಹೇಗೆ ಎಂಬುದಕ್ಕೆ. ಕಾರು ಓಡಿಸಿಕೊಂಡೋ, ಬಸ್ಸು ರೈಲು ಹತ್ತಿಕೊಂಡೋ? ಇಂಥದ್ದಕ್ಕೂ ಎರಡು ದಿನ ಮಾತು ಬಿಡುತ್ತಾರೆಯೇ ಎಂದು ನಿಮಗೆ ನಗು ಬರಬಹುದು. ನಾವು ಬಿಟ್ಟಿದ್ದೆವು.

ನಮ್ಮದು ಹಿರಿಯೂರು ತಾಲ್ಲೂಕಿನ ಆದಿವಾಲ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಇರುವ ಊರು. ನಾನು ಮದುವೆಯಾಗಿ ಬಂದಾಗ ಅದನ್ನು ನ್ಯಾಷನಲ್ ಹೈವೇ ನಾಲ್ಕು ಅನ್ನುತ್ತಿದ್ದರು, ಈಗ ನಲವತ್ತೆಂಟು ಅನ್ನುತ್ತಾರೆ. ನಮ್ಮವರು ಆ ರಸ್ತೆಯಲ್ಲಿ ಹದಿನೆಂಟು ವರ್ಷ ಲಾರಿ ಓಡಿಸಿದವರು. ತೆಂಗಿನಕಾಯಿ, ಈರುಳ್ಳಿ ತುಂಬಿಕೊಂಡು ಮುಂಬಯಿಗೆ ಹೋಗಿ ನಾಲ್ಕನೇ ದಿನಕ್ಕೆ ಬರುತ್ತಿದ್ದರು. ಲಾರಿ ಮಾರಿ ತೋಟಕ್ಕೆ ನಿಂತ ಮೇಲೂ ಮನೆ ಮುಂದೆ ಹಳೇ ಕಾರೊಂದನ್ನು ಇಟ್ಟುಕೊಂಡಿದ್ದಾರೆ. ಬೀದಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ, ಯಾರ ಮಗಳನ್ನು ಹೆರಿಗೆಗೆ ಹಿರಿಯೂರಿಗೆ ಒಯ್ಯಬೇಕಾದರೂ ಮೊದಲು ತಟ್ಟುವುದು ನಮ್ಮ ಬಾಗಿಲು. ಅವರಿಗೆ ಅದೊಂದು ಹೆಮ್ಮೆ. "ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿಲ್ಲ ಕಣೆ" ಅನ್ನುತ್ತಾರೆ. ನಿಜವೇ.

ನಮ್ಮ ಮಗಳು, ಅಳಿಯ ಇರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿನಲ್ಲಿ. ಅವಳಿಗೆ 2024ರ ಸೆಪ್ಟೆಂಬರಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಅವಳು ಬರುವ ಹಾಗಿರಲಿಲ್ಲ, ಆದ್ದರಿಂದ ತವರೇ ಅಲ್ಲಿಗೆ ಹೊರಡಬೇಕಾಯಿತು. ಅಂಟಿನುಂಡೆ ಕಟ್ಟಿಕೊಂಡು ಹೋಗೋಣ ಎಂದರೆ ತುಪ್ಪ, ಹಾಲಿನ ಪದಾರ್ಥ ಒಯ್ಯುವಂತಿಲ್ಲ ಎಂದು ಅಳಿಯಂದಿರು ಮೊದಲೇ ಎಚ್ಚರಿಸಿದ್ದರು. ಹಾಗಾಗಿ ನಮ್ಮ ತೋಟದ ಕೊಬ್ಬರಿ, ಅಂಟು, ಗಸಗಸೆ ಇವನ್ನಷ್ಟೇ ಗಂಟು ಕಟ್ಟಿದೆ. ತುಪ್ಪವನ್ನು ಅಲ್ಲಿಯ ಬೆಣ್ಣೆ ಕಾಯಿಸಿಯೇ ಮಾಡಿದೆ. ಚೆನ್ನಾಗಿಯೇ ಆಯಿತು, ಆ ಮಾತು ಇನ್ನೊಮ್ಮೆ ಬರೆದೇನು.

ಇವರ ತಯಾರಿಯೇ ಬೇರೆ. ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಹೋಗಿ ಪರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟು ಮಾಡಿಸಿಕೊಂಡು ಬಂದರು. ಇಂಗ್ಲೆಂಡಿಗೆ ನೋಡಲು ಹೋದವರು ನಮ್ಮ ದೇಶದ ಲೈಸೆನ್ಸಿನಲ್ಲೇ ಒಂದು ವರ್ಷದವರೆಗೆ ಓಡಿಸಬಹುದಂತೆ. ಆದರೂ ಬಾಡಿಗೆ ಕಾರಿನವರು ಕೇಳಿದರೆ ಇರಲಿ ಅಂತ. "ಅಲ್ಲೂ ನಮ್ಮ ಹಾಗೇ ಎಡಗಡೆ ಸಂಚಾರ. ಸ್ಟೇರಿಂಗ್ ಬಲಗಡೆ. ಅಮೆರಿಕಾ ಅಲ್ಲವಲ್ಲ ಹೆದರೋಕೆ. ನಾವು ಯಾರಿಗೂ ಭಾರ ಆಗೋದು ಬೇಡ, ನಾನೇ ಎಲ್ಲಾ ಕಡೆ ಸುತ್ತಿಸ್ತೀನಿ" ಎಂದರು. ನಾನು ಹೂಂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂಬುದನ್ನು ಸೋದರಿಯರೇ, ನಿಮಗೆ ಹೇಳಲೇಬೇಕು. ಇಲ್ಲದಿದ್ದರೆ ಈ ಕಥೆಗೆ ಅರ್ಥವಿಲ್ಲ.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು, ಎಂಬತ್ತೊಂಬತ್ತು ವರ್ಷ! ನಮ್ಮ ಅತ್ತೆ ಕೂಡ ಕಣ್ಣಾರೆ ಕಂಡಿರಲಿಲ್ಲ. ಇಡೀ ಜಿಲ್ಲೆಯೇ ಜಾತ್ರೆಯ ಹಾಗೆ ಅಲ್ಲಿಗೆ ಹರಿದಿತ್ತು. ನಾವೂ ಪಕ್ಕದ ಮನೆಯವರ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೋದೆವು. ಬರುವಾಗ ಕತ್ತಲಾಯಿತು. ಎದುರಿನಿಂದ ಗಾಡಿಯ ದೀಪ ಬಿದ್ದಾಗಲೆಲ್ಲ ಇವರು ಬ್ರೇಕಿನ ಮೇಲೆ ಕಾಲಿಟ್ಟು, ತಲೆ ಮುಂದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ನಿಂತೇಬಿಡುತ್ತಿದ್ದರು. ಒಮ್ಮೆ ರಸ್ತೆ ಬದಿಯಲ್ಲಿ ನಿಂತಿದ್ದ ಎತ್ತಿನಗಾಡಿ ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ನಾನು ಕೂಗಿದ ಮೇಲೆ ತಿರುಗಿಸಿದರು. ಮಕ್ಕಳು ಹಿಂದೆ ಹಾಡುತ್ತಾ ಕೂತಿದ್ದರು.

ಅವರಿಗೆ ಏಳೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಇದ್ದವರಿಗೆ ಕಣ್ಣಿನ ಪೊರೆ ಬೇಗ ಬರುತ್ತದೆ, ಕಣ್ಣಿನ ಹಿಂದಿನ ಪರದೆಯೂ ಕೆಡಬಹುದು, ವರ್ಷಕ್ಕೊಮ್ಮೆ ತೋರಿಸಬೇಕು ಎಂದು ನಮ್ಮ ಆಶಾ ಕಾರ್ಯಕರ್ತೆಯೂ ಹೇಳಿದ್ದಳು. ನಾನು ಎರಡು ಸಲ ಹೇಳಿದೆ, ಅವರು ಗದರಿದರು, ಸುಮ್ಮನಾದೆ. ಆಮೇಲೂ ರಾತ್ರಿ ಹೊತ್ತು ಊರವರನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಮಲ್ಲೇಶ್ವರನಿಗೆ ಕೈಮುಗಿಯುತ್ತಿದ್ದೆ. ಗಂಡನ ಮಾನ ಕಳೆಯಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಆ ಮಕ್ಕಳ ತಾಯಿಗೆ ನಾನು ಇವತ್ತಿಗೂ ಈ ಮಾತು ಹೇಳಿಲ್ಲ.

ಹೀಗೆ ಜೂನ್ ತಿಂಗಳಲ್ಲಿ ಹೋಗಿ ಇಳಿದೆವು. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣಕ್ಕೆ ಅಳಿಯಂದಿರೇ ಕಾರು ತಂದಿದ್ದರು. ದೊಡ್ಡ ರಸ್ತೆ ಇರುವ ತನಕ ಇವರು "ನಮ್ಮ ಹೈವೇ ಥರಾನೇ" ಎಂದು ತಲೆದೂಗುತ್ತಿದ್ದರು. ಮಿಲ್ಟನ್ ಕೀನ್ಸ್ ಬಂತು ನೋಡಿ, ಮಾತು ನಿಂತಿತು. ಅದು 1967ರಲ್ಲಿ ಯೋಜನೆ ಹಾಕಿ ಕಟ್ಟಲು ಶುರುಮಾಡಿದ ಹೊಸ ಪಟ್ಟಣ. ರಸ್ತೆಗಳನ್ನು ಚೌಕಾಬಾರದ ಮನೆಯ ಹಾಗೆ ಗೆರೆ ಎಳೆದು ಹಾಕಿದ್ದಾರೆ. ಎರಡು ಗೆರೆ ಸೇರಿದ ಕಡೆಯೆಲ್ಲ ಒಂದು ವೃತ್ತ. ಸಿಗ್ನಲ್ ದೀಪ ಕಡಿಮೆ, ಪೊಲೀಸರಿಲ್ಲ. ಇಂಥ ವೃತ್ತಗಳು ಊರಲ್ಲಿ ನೂರಕ್ಕೂ ಮೇಲಿವೆಯಂತೆ! ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಯಾವ ಕವಲಿಗೆ ಹೋಗುತ್ತೀರೋ ಅದಕ್ಕೆ ತಕ್ಕ ಸಾಲನ್ನು ಮೊದಲೇ ಹಿಡಿಯಬೇಕು, ಹಾರನ್ ಹೊಡೆಯುವಂತಿಲ್ಲ. ವೇಗವೆಲ್ಲ ಮೈಲಿಯ ಲೆಕ್ಕ. ಊರೊಳಗೆ ಮೂವತ್ತು ಎಂದರೆ ನಮ್ಮ ನಲವತ್ತೆಂಟು ಕಿಲೋಮೀಟರು. ಸ್ವಲ್ಪ ಮೀರಿದರೆ ಕ್ಯಾಮೆರಾ ಹಿಡಿದು ಮನೆಗೇ ಕಾಗದ ಕಳಿಸುತ್ತದೆ.

ಆದರೂ ಇವರು ಬಿಡಲಿಲ್ಲ. ನಾನು ಹೆದರುತ್ತಿದ್ದ ರಾತ್ರಿಯ ಮಾತಿಗೂ ಅವರಲ್ಲಿ ಉತ್ತರವಿತ್ತು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ. "ಕತ್ತಲೇ ಇಲ್ಲದ ಊರಲ್ಲಿ ನಿನಗ್ಯಾಕೆ ಭಯ?" ಎಂದರು.

ಅಳಿಯಂದಿರು ಒಳ್ಳೆಯವರು. ಮಾವನವರ ಮಾತು ತೆಗೆದುಹಾಕಬಾರದೆಂದು ತಮ್ಮ ಕಾರಿನ ವಿಮೆಗೆ ಇವರ ಹೆಸರು ಸೇರಿಸಲು ವಿಚಾರಿಸಿದರು. ಅಲ್ಲಿ ವಿಮೆ ಕಾರಿಗೆ ಮಾತ್ರವಲ್ಲ, ಯಾರು ಓಡಿಸುತ್ತಾರೆ ಎನ್ನುವುದನ್ನೂ ನೋಡಿ ಹಣ ಹೇಳುತ್ತಾರೆ. ಹೆಸರಿಲ್ಲದವರು ಓಡಿಸಿದರೆ ಅಪರಾಧ. ಮೂರು ತಿಂಗಳಿಗೆ ಕೇಳಿದ ಹಣ ನಮ್ಮ ಕಾರಿನ ಒಂದು ವರ್ಷದ ವಿಮೆಗಿಂತ ಜಾಸ್ತಿಯಿತ್ತು. "ಹೋಗಲಿ, ಕಟ್ಟೋಣ" ಎಂದರು ಇವರು. ಆಗ ಅಳಿಯಂದಿರು ಯಾವ ದುರುದ್ದೇಶವೂ ಇಲ್ಲದೆ, "ಮಾವ, ಇಲ್ಲಿ ಇನ್ನೊಂದು ನಿಯಮ ಇದೆ. ಇಪ್ಪತ್ತು ಮೀಟರ್ ದೂರದ ಗಾಡಿಯ ನಂಬರ್ ಪ್ಲೇಟು ಓದೋಕೆ ಬರಬೇಕು. ಕನ್ನಡಕ ಹಾಕ್ಕೊಂಡು ಓದಿದರೂ ಸರಿ. ಪೊಲೀಸರು ನಿಲ್ಲಿಸಿ ಓದಿಸಬಹುದು" ಎಂದರು. ಮನೆ ಮುಂದೆಯೇ ನಿಂತಿದ್ದೆವು. ಮಟಮಟ ಮಧ್ಯಾಹ್ನ. ಆಚೆ ಬದಿಯಲ್ಲಿ, ಐದಾರು ಕಾರಿನ ಉದ್ದದಷ್ಟು ದೂರದಲ್ಲಿ, ಒಂದು ಬಿಳಿ ಕಾರಿತ್ತು. "ಅದನ್ನ ಓದಿ ನೋಡೋಣ" ಎಂದು ನಗುತ್ತಾ ಕೈ ತೋರಿಸಿದರು.

ಇವರು ಓದಿದರು. ಏಳು ಅಕ್ಷರ, ಅಂಕಿಯಲ್ಲಿ ಮೂರು ತಪ್ಪು.

ಮಗಳು ತಟ್ಟನೆ ಒಳಗೆ ಹೋದಳು. ಅಳಿಯಂದಿರು "ಬಿಸಿಲು ಹೊಡೀತಿದೆ ಮಾವ, ನನಗೂ ಸರಿಯಾಗಿ ಕಾಣ್ತಿಲ್ಲ" ಎಂದು ಸುಳ್ಳು ಹೇಳಿದರು. ಇವರು ಏನೂ ಅನ್ನದೆ ಆ ಕಾರಿನ ಹತ್ತಿರಕ್ಕೇ ನಡೆದುಹೋಗಿ, ಪ್ಲೇಟನ್ನು ನೋಡಿ, ವಾಪಸು ಬಂದು ಒಳಗೆ ಕೂತರು.

ರಾತ್ರಿ ನಾನು ಎತ್ತಿನಗಾಡಿಯ ಮಾತು ತೆಗೆದೆ. ಆ ಹೊತ್ತಿನಲ್ಲಿ ತೆಗೆಯಬಾರದಿತ್ತೇನೋ. ಆದರೆ ಆಗ ಬಿಟ್ಟರೆ ಇನ್ನೆಂದೂ ತೆಗೆಯುತ್ತಿರಲಿಲ್ಲ. "ಎರಡು ವರ್ಷದಿಂದ ಗೊತ್ತಿದ್ದೂ ಸುಮ್ನಿದ್ಯಾ?" ಎಂದರು. "ಹೇಳಿದರೆ ಕೇಳ್ತಿದ್ರಾ?" ಎಂದೆ. "ಬಸುರಿ ಮಗಳನ್ನ ಕೂರಿಸ್ಕೊಂಡು ಹೋಗ್ತೀನಿ ಅಂತೀರಲ್ರೀ" ಎಂದೆ. ಆ ಮೇಲೆ ಎರಡು ದಿನ ಮಾತಿಲ್ಲ. ತಟ್ಟೆಗೆ ಹಾಕಿದ್ದು ಉಣ್ಣುವುದು, ಕಿಟಕಿಯಲ್ಲಿ ವೃತ್ತ ಸುತ್ತುವ ಕಾರುಗಳನ್ನು ನೋಡುವುದು. ಮೂರನೇ ದಿನ ಬೆಳಿಗ್ಗೆ ಅಂಗಿ ತೊಟ್ಟು ಬಂದು, "ಇಲ್ಲಿ ಬಸ್ ಎಲ್ಲಿ ನಿಲ್ಲುತ್ತೆ?" ಎಂದು ಮಗಳನ್ನು ಕೇಳಿದರು.

ಅಲ್ಲಿಂದ ನಮ್ಮ ಬಸ್ ಪುರಾಣ ಶುರುವಾಯಿತು. ನಾನು ಹಿರಿಯೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು. ಬೋರ್ಡು ಓದಲು ಬರುತ್ತದೆ, ಮಾತಾಡಲು ನಾಲಗೆ ಏಳದು. ಆದರೆ ಬಸ್ಸಿಗೆ ಮಾತು ಬೇಡವೇ ಬೇಡ ಕಣ್ರೀ! ಕಂಡಕ್ಟರೇ ಇಲ್ಲ. ಡ್ರೈವರ್ ಪಕ್ಕದ ಬಾಗಿಲಲ್ಲಿ ಹತ್ತಿ, ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ ಆಯಿತು. 2024ರಲ್ಲಿ ಎಷ್ಟು ದೂರ ಹೋದರೂ ಒಂದು ಸಲಕ್ಕೆ ಎರಡು ಪೌಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಸರ್ಕಾರ ಕಟ್ಟುಮಾಡಿತ್ತು. ಮರುವರ್ಷದ ಜನವರಿಯಿಂದ ಅದು ಮೂರಾಯಿತು. ಎರಡು ಪೌಂಡು ಎಂದರೂ ನಮ್ಮ ಇನ್ನೂರು ರೂಪಾಯಿಯ ಮೇಲೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟಿನಲ್ಲಿ ಓಡಾಡಿದ ನನಗೆ ಮೊದಲ ವಾರ ಕಾರ್ಡು ಮುಟ್ಟಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಇವರಿಗೆ ಅದು ಬಹಳ ಹಿಡಿಸಿತು. "ಹದಿನೆಂಟು ವರ್ಷ ಓಡಿಸಿದೆ, ಒಬ್ಬನೂ ಹೀಗೆ ಹೇಳ್ಲಿಲ್ಲ ನೋಡು" ಎಂದರು. ಲಾರಿಯಲ್ಲಿ ಈರುಳ್ಳಿ ಹೇಳಬೇಕಿತ್ತೇ ಎಂದೆ. ಆ ದಿನ ಮೊದಲ ಸಲ ನಕ್ಕರು.

ಊರೊಳಗೆ ಕೆಂಪು ದಾರಿ ಅಂತ ಇದೆ, ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆಯೇ ಹಾಕಿದ್ದು. ಮೈಲಿಗಟ್ಟಲೆ ನಡೆದರೂ ದೊಡ್ಡ ರಸ್ತೆ ದಾಟುವ ಗೊಡವೆಯಿಲ್ಲ, ಅದರ ಅಡಿಯಲ್ಲೇ ತೂರಿಹೋಗುತ್ತದೆ. ಸಕ್ಕರೆಯವರಿಗೆ ನಡಿಗೆ ಒಳ್ಳೆಯದಲ್ಲವೇ? ಸಂಜೆ ನಾಲ್ಕು ಮೈಲಿ ನಡೆಸುತ್ತಿದ್ದೆ. ಹಾಗೆ ಹೋದಾಗಲೇ ಆ ಊರಿನ ಹೆಸರಾಂತ ಕಾಂಕ್ರೀಟ್ ಹಸುಗಳನ್ನು ನೋಡಿದ್ದು. 1978ರಲ್ಲಿ ಕಲಾವಿದೆಯೊಬ್ಬಳು ಮಾಡಿದ ಹಸುಗಳಂತೆ. ಸೆಗಣಿ ಬಾಚಿ ಕೈ ಸವೆದ ನನಗೆ, ಹುಲ್ಲು ಕೇಳದ ಹಸು ಕಂಡು ಹೊಟ್ಟೆಕಿಚ್ಚಾಯಿತು.

ಲಂಡನ್ನಿಗೆ ಹೋಗಬೇಕು, ಥೇಮ್ಸ್ ದಡದ ಬಸವಣ್ಣನವರನ್ನು ನೋಡಬೇಕು ಎನ್ನುವುದು ಇಬ್ಬರಿಗೂ ಇದ್ದ ಆಸೆ. ಕಾರಿನಲ್ಲಿ ಹೋದರೆ ನಡು ಲಂಡನ್ನಿನ ಗಡಿ ದಾಟಿದ್ದಕ್ಕೇ ದಿನಕ್ಕೆ 15 ಪೌಂಡ್ ಕಟ್ಟಬೇಕಿತ್ತು. 2026ರ ಜನವರಿಯಿಂದ ಅದು 18 ಆಗಿದೆ. ಮೇಲೆ ನಿಲ್ಲಿಸಲು ಜಾಗದ ಬಾಡಿಗೆ ಬೇರೆ. ರೈಲಿಗೆ ಮಗಳು ಒಂದು ಉಪಾಯ ಹೇಳಿದಳು. ಇಬ್ಬರು ಒಟ್ಟಿಗೇ ಓಡಾಡುವವರಿಗೆ ಒಂದು ಜೋಡಿ ಕಾರ್ಡು ಕೊಡುತ್ತಾರೆ, ಆಗ ಅದಕ್ಕೆ 30 ಪೌಂಡು. ವರ್ಷವಿಡೀ ಟಿಕೆಟ್ಟಿನ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಆದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ನಂತರವೇ ಹತ್ತಬೇಕು. ಒಬ್ಬರೇ ಹೋದರೆ ನಡೆಯದು, ಇಬ್ಬರೂ ಜೊತೆಗೇ ಇರಬೇಕು. ಮಾತು ಬಿಟ್ಟ ಗಂಡಹೆಂಡತಿಗೆ ಹೇಳಿ ಮಾಡಿಸಿದ ಹಾಗಿತ್ತು!

ಒಂದು ಗಂಟೆಯೊಳಗೆ ಲಂಡನ್ನಿನ ಯೂಸ್ಟನ್ ನಿಲ್ದಾಣ. ಅಲ್ಲಿಂದ ನೆಲದಡಿಯ ರೈಲು. ಪ್ರಪಂಚದಲ್ಲೇ ಮೊದಲು ನೆಲದ ಕೆಳಗೆ ರೈಲು ಓಡಿದ್ದು ಆ ಊರಿನಲ್ಲಿ, 1863ರಲ್ಲಿ. ಗೇಟಿನಲ್ಲಿ ನಾನೊಂದು ಎಡವಟ್ಟು ಮಾಡಿದೆ. ನನ್ನ ಕಾರ್ಡು ಮುಟ್ಟಿಸಿ ಇವರನ್ನು ಒಳಗೆ ಕಳಿಸಿದೆ, ಮತ್ತೆ ಅದೇ ಕಾರ್ಡು ಮುಟ್ಟಿಸಿದರೆ ಕೆಂಪು ದೀಪ! ಇವರು ಆಚೆ, ನಾನು ಈಚೆ, ಹಿಂದೆ ಜನ. ನೀಲಿ ಅಂಗಿಯ ಸಿಬ್ಬಂದಿಯೊಬ್ಬರು ಬಂದು ಬಿಡಿಸಿದರು. ನೀವು ಹೋಗುವುದಾದರೆ ನೆನಪಿಡಿ, ತಲೆಗೊಂದು ಕಾರ್ಡು ಬೇಕು. ಹತ್ತುವಾಗ ಮುಟ್ಟಿಸಿದ್ದನ್ನೇ ಇಳಿದ ಮೇಲೂ ಮುಟ್ಟಿಸಬೇಕು, ಮರೆತರೆ ಹೆಚ್ಚು ದುಡ್ಡು ಹೋಗುತ್ತದೆ. ಬಸ್ಸಿಗಾದರೆ ಹತ್ತುವಾಗ ಮಾತ್ರ. ಲಂಡನ್ನಿನ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದೇ ಇಲ್ಲ, ಸೆರಗಿನ ಗಂಟಿನಲ್ಲಿ ಚಿಲ್ಲರೆ ಇಟ್ಟುಕೊಂಡು ಪ್ರಯೋಜನವಿಲ್ಲ. ಅಂದ ಹಾಗೆ, ಓಡುವ ಮೆಟ್ಟಿಲ ಮೇಲೆ ಬಲಗಡೆ ನಿಲ್ಲಬೇಕು, ಎಡಗಡೆ ಅವಸರದವರಿಗೆ. ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದೇ ಕಾಲಿಡಿ. ನಾನು ಆ ಭಯಕ್ಕೆ ಎರಡನೇ ಸಲದಿಂದ ಚೂಡಿದಾರವನ್ನೇ ಹಾಕಿಕೊಂಡೆ.

ಯೂಸ್ಟನ್ನಿನಿಂದ ವಿಕ್ಟೋರಿಯಾ ಸಾಲಿನ ರೈಲಿನಲ್ಲಿ ಆರನೇ ನಿಲ್ದಾಣ ವಾಕ್ಸ್‌ಹಾಲ್. ನಿಲ್ದಾಣಗಳನ್ನು ಬೆರಳಲ್ಲಿ ಎಣಿಸಿದವಳು ನಾನು. ಬೋರ್ಡು ಓದಿ ಹೇಳಿದವಳೂ ನಾನೇ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಮುಂದೆ, ಅವರು ಹಿಂದೆ ನಡೆದದ್ದು ಅದೇ ಮೊದಲು. ಅವರಿಗೆ ಹೇಗೆನಿಸಿತೋ, ನನಗಂತೂ ಸುಖವಾಗಲಿಲ್ಲ. ಜನಜಂಗುಳಿಯಲ್ಲಿ ನನ್ನ ಚೀಲದ ಪಟ್ಟಿಯನ್ನು ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಹೊರಗೆ ಬಂದು ನದಿಯ ದಡದಲ್ಲಿ ಸ್ವಲ್ಪ ಹೊತ್ತು ನಡೆದರೆ ಬಸವಣ್ಣನವರು. ಕಲಬುರಗಿ ಕಡೆಯವರಾದ, ಅಲ್ಲಿಯ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಮುತುವರ್ಜಿಯಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದರು. ನದಿಯ ಆಚೆ ಅವರ ಪಾರ್ಲಿಮೆಂಟು. ಕೆಳಗೆ ಬರೆದದ್ದನ್ನು ಇವರು ಓದಲು ನೋಡಿ, ಆಗದೆ, "ಏನು ಬರೆದಿದೆ ಓದು" ಎಂದರು. ಓದಿದೆ. ಬೆಂಚಿನ ಮೇಲೆ ಕೂತು ಶೇಂಗಾ ಚಟ್ನಿ, ಚಪಾತಿ ತಿಂದೆವು.

ಈಗ ಮುಖ್ಯದ್ದು. ಆಗಸ್ಟ್ ಕೊನೆಯ ವಾರ ಅಳಿಯಂದಿರಿಗೆ ಮ್ಯಾಂಚೆಸ್ಟರಿನಲ್ಲಿ ಎರಡು ದಿನದ ಕೆಲಸ ಬಿತ್ತು. ದಿನ ತುಂಬಲು ಇನ್ನೂ ಹನ್ನೊಂದು ದಿನವಿತ್ತು. ಕಾರು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಹೋದರು. ಆ ರಾತ್ರಿ ಒಂದೂವರೆಗೆ ಮಗಳು "ಅಮ್ಮಾ" ಎಂದು ಕೂಗಿದಳು. ನೀರು ಹೋಗಿತ್ತು. ಆಸ್ಪತ್ರೆಗೆ ಫೋನ್ ಮಾಡಿದಳು, ಹೊರಟು ಬನ್ನಿ ಎಂದರು. ಜೂನ್ ತಿಂಗಳ ಬೆಳಕಿನ ರಾತ್ರಿ ಮುಗಿದು, ಹೊರಗೆ ಗವ್ವೆನ್ನುವ ಕತ್ತಲು. ಮೇಲೆ ಸಣ್ಣ ಮಳೆ.

ಬಾಗಿಲ ಪಕ್ಕದ ಮೊಳೆಯಲ್ಲಿ ಕಾರಿನ ಕೀ ನೇತಾಡುತ್ತಿತ್ತು. ಇವರು ಅದರ ಎದುರು ನಿಂತಿದ್ದರು. ಆಸ್ಪತ್ರೆ ಹದಿನೈದು ನಿಮಿಷದ ದಾರಿ. ಊರಲ್ಲಿ ಇಂಥ ಎಷ್ಟು ರಾತ್ರಿ ಎಷ್ಟು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೋ! ಈಗ ಸ್ವಂತ ಮಗಳು ಗೋಡೆ ಹಿಡಿದು ನಿಂತಿದ್ದಾಳೆ. ಅವರ ಕೈ ಅರ್ಧ ಮೇಲೆದ್ದದ್ದನ್ನು ನಾನು ನೋಡಿದೆ. ನಾನೇನಾದರೂ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಅವರೇ ಕೈ ಇಳಿಸಿ, "ಟ್ಯಾಕ್ಸಿಗೆ ಫೋನ್ ಮಾಡವ್ವ" ಎಂದು ಮಗಳಿಗೆ ಹೇಳಿದರು. ನಂಬರು ಮೊದಲೇ ಗೋಡೆಗೆ ಅಂಟಿಸಿದ್ದೆವು. ಹನ್ನೆರಡು ನಿಮಿಷಕ್ಕೆ ಬಂತು. ಆ ಹನ್ನೆರಡು ನಿಮಿಷ ನಾನು ಕೈಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವರು ಮಗಳ ಬೆನ್ನು ಸವರುತ್ತಿದ್ದರು.

ಡ್ರೈವರ್ ಪಂಜಾಬಿನ ಕಡೆಯವರು. ಇವರು ಅವರ ಪಕ್ಕದಲ್ಲಿ ಕೂತರು. ದಾರಿಯುದ್ದಕ್ಕೂ ಪ್ರತಿ ವೃತ್ತ ಬಂದಾಗಲೂ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿದ್ದದ್ದು ಹಿಂದಿನ ಸೀಟಿನಿಂದ ನನಗೆ ಕಾಣುತ್ತಿತ್ತು. ಬೆಳಗಿನ ಆರು ಮುಕ್ಕಾಲಿಗೆ ಹೆಣ್ಣುಮಗು ಹುಟ್ಟಿತು. ಅಳಿಯಂದಿರು ಮೊದಲ ರೈಲು ಹಿಡಿದು ಒಂಬತ್ತರ ಹೊತ್ತಿಗೆ ಓಡಿಬಂದರು. ಮಗುವನ್ನು ಅವರ ಕೈಗೆ ಕೊಟ್ಟ ಮೇಲೆ, ಹೊರಗಿನ ಕುರ್ಚಿಯಲ್ಲಿ ಇವರು ನನ್ನ ಕಡೆ ತಿರುಗದೆ ಹೇಳಿದರು, "ಮಳೇಲಿ ರಸ್ತೆ ಗೆರೆ ಒಂದೂ ಕಾಣ್ಲಿಲ್ಲ ಕಣೆ ನನಗೆ. ಒಂದೂ." ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟೆ.

ನವೆಂಬರಿನಲ್ಲಿ ಊರಿಗೆ ಬಂದೆವು. ಡಿಸೆಂಬರಿನಲ್ಲಿ ಒಂದು ಕಣ್ಣಿಗೆ, ಫೆಬ್ರವರಿಯಲ್ಲಿ ಇನ್ನೊಂದಕ್ಕೆ ಪೊರೆಯ ಆಪರೇಷನ್ ಆಯಿತು. ಎರಡರ ನಡುವೆ, 2025ರ ಜನವರಿಯಲ್ಲಿ, ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಈ ಸಲ ಬಸ್ಸಿನಲ್ಲಿ ಹೋಗಿಬಂದೆವು. ನನಗೆ ಸೊನ್ನೆ ಟಿಕೆಟ್ಟು, ಅವರಿಗೆ ದುಡ್ಡು. ಇಳಿಯುವಾಗ ಅಭ್ಯಾಸಬಲದಿಂದ ಡ್ರೈವರಿಗೆ ಥ್ಯಾಂಕ್ಯೂ ಎಂದರು. ಆತ ಗಾಬರಿಯಿಂದ, "ಯಾಕೆ ಯಜಮಾನ್ರೆ, ಏನಾಯ್ತು?" ಎಂದ.

ಡಾಕ್ಟರು ಈಗ ಹಗಲಿನಲ್ಲಿ ಓಡಿಸಬಹುದು ಎಂದಿದ್ದಾರೆ. ಇವರು ಒಂದು ದಿನ ಆದಿವಾಲದ ಬಸ್ ನಿಲ್ದಾಣದ ಹತ್ತಿರ ರಸ್ತೆ ಬದಿಗೆ ನಿಂತ ಲಾರಿಯಿಂದ ಇಪ್ಪತ್ತು ಮೀಟರನ್ನು ಹೆಜ್ಜೆಯಲ್ಲಿ ಅಳೆದು, ನನ್ನನ್ನು ಲಾರಿಯ ಪಕ್ಕ ನಿಲ್ಲಿಸಿ, ನಂಬರನ್ನು ಗಟ್ಟಿಯಾಗಿ ಓದಿದರು. ಸರಿಯಿತ್ತು. ಲಾರಿಯ ಡ್ರೈವರು ಕೆಳಗಿಳಿದು ಬಂದು, ತಾನು ಏನು ತಪ್ಪು ಮಾಡಿದೆ ಎಂದು ನನ್ನನ್ನು ಕೇಳಿದ.